ಇನ್ನೂರು ಮೀಟರಿಗೊಂದು ಚೌಕ

ಊರನ್ನು ಇನ್ನೂರು ಮೀಟರಿನ ಚೌಕಗಳಾಗಿ ಕೊಯ್ದು
ಕೈಗಿಟ್ಟರು, ತಟ್ಟೆಯಲ್ಲಿ ಕೊಬ್ಬರಿಮಿಠಾಯಿ ಕೊಯ್ದ ಹಾಗೆ.
ಒಂದೊಂದು ಚೌಕದ ನಡುವೆ ಹತ್ತು ನಿಮಿಷ ನಿಲ್ಲಬೇಕು.
ಹೆಗಲಿಗೆ ದೂಳು ಎಣಿಸುವ ಡಬ್ಬಿ,
ಕೈಯಲ್ಲಿ ಸದ್ದಳೆಯುವ ಕಡ್ಡಿ,
ಕೊರಳಲ್ಲಿ ಫೋಟೋ ಇರುವ ಪಟ್ಟಿ:
ಅದರಲ್ಲಿ ನಾನು ಕಣ್ಣು ಮುಚ್ಚಿದ್ದೇನೆ.

ಗ್ಯಾಸ್ ಪೈಪಿನವರಾ? ಎಂದರು ಎಂಸಿಸಿ ಬಿ ಬ್ಲಾಕಿನಲ್ಲಿ.
ಸೊಳ್ಳೆ ಔಷ್ಧಿಯೋರಾ? ಎಂದರು ನಿಟ್ಟುವಳ್ಳಿಯಲ್ಲಿ.
ಗಾಳಿ ಅಳೀತೀನಿ ಅಂದರೆ
ಜಾಲಿನಗರದ ಅಜ್ಜ ತನ್ನ ಮೂಗು ಮುಟ್ಟಿ ತೋರಿಸಿದ:
'ಇದು ಎಪ್ಪತ್ತು ವರ್ಷದ ಮಷಿನ್ನು ಐತಲ್ಲವ್ವಾ,
ಒಬ್ಬನೂ ಬಂದು ರೀಡಿಂಗ್ ಕೇಳಲಿಲ್ಲ.'

ರೈಲ್ವೆ ಗೇಟು ಬಿದ್ದಾಗ
ಆಟೋ, ಟ್ರ್ಯಾಕ್ಟರು, ಹತ್ತಿ ಹೇರಿದ ಲಾರಿ,
ಯಾರೂ ಇಂಜಿನ್ ಆರಿಸಲಿಲ್ಲ.
ಡಬ್ಬಿಯೊಳಗೆ ಅಂಕಿಗಳು ಇರುವೆಗಳ ಹಾಗೆ ಹತ್ತಿದವು.
ಗೂಡ್ಸು ಹೋಗಿ ಎಷ್ಟೋ ಹೊತ್ತು ಇಳಿಯಲಿಲ್ಲ.

ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ಆರಕ್ಕೆ
ಅಂಕಿ ಒಮ್ಮೆಲೇ ತಗ್ಗಿತು; ನನಗೂ ಉಸಿರು ಬಂತು.
ವಾಕಿಂಗಿನ ಯಜಮಾನರೊಬ್ಬರು ಹಿಂದೆಯೇ ಬಂದರು:
'ನಮ್ಮ ಸೈಟಿನ ಮುಂದೂ ಒಂದು ಸಲ ಹಿಡಿಯಮ್ಮ,
ಪಾರ್ಟಿ ಬರೋದಿದೆ ಭಾನುವಾರ,
ಹಸಿರು ಬಂದರೆ ಒಂದು ಪ್ರಿಂಟು ಕೊಡು.'

ಆಮೇಲೆ ಮಂಡಕ್ಕಿ ಭಟ್ಟಿ.

ಹಳೇ ಟೈರಿನ ತುಂಡು ಒಲೆಗೆ ಬಿದ್ದಾಗ
ಹೊಗೆ ಮೇಲೇಳುವುದಿಲ್ಲ, ನಡೆದು ಬರುತ್ತದೆ
ಬಾಕಿ ವಸೂಲಿಗೆ ಬಂದವನಂತೆ, ನೆಟ್ಟಗೆ ಮನೆಯೊಳಕ್ಕೆ.
ಡಬ್ಬಿ ಏರುತ್ತ ಏರುತ್ತ
ಒಂಬೈನೂರ ತೊಂಬತ್ತೊಂಬತ್ತಕ್ಕೆ ನಿಂತಿತು.
ಅದರಾಚೆ ಅದಕ್ಕೆ ಲೆಕ್ಕ ಬರುವುದಿಲ್ಲ.

ಜುಲೇಖಾಬಿ ಕಾದ ಮರಳಿಗೆ ಅಕ್ಕಿ ಸುರಿದಳು.
ಚಟಪಟ. ಜರಡಿ ಎರಡು ಸಲ ಆಡಿಸಿದಳು.
ಆ ಕಪ್ಪಿನೊಳಗಿಂದ ಅಷ್ಟು ಬೆಳ್ಳಗೆ ಹೇಗೆ ಬರುತ್ತದೆ
ಎಂದು ಕೇಳಬೇಕೆಂದಿದ್ದೆ, ಅವಳೇ ಕೇಳಿದಳು:
'ನಮ್ಮ ಚೌಕಕ್ಕೆ ಯಾವ ಬಣ್ಣ?'

ಕೆಂಪಿರಬೇಕು ಎಂದೆ.

ಕೆಮ್ಮಿದಳು, ಸೆರಗಿನಲ್ಲಿ ಬಾಯಿ ಒರೆಸಿದಳು.
'ಕೆಂಪಂದ್ರೆ ಭಟ್ಟಿ ಮುಚ್ಚಸ್ತಾರೆ.
ಹಸಿರಂದ್ರೆ ಸುಳ್ಳಾಗ್ತತಿ.
ಎರಡರಾಗೆ ಯಾವ ಬಣ್ಣ ಉಣ್ಣಲಿ ಹೇಳಿ ಹೋಗು.'
ಹೇಳದೆ ನಿಂತವಳ ದುಪಟ್ಟಾಕ್ಕೆ
ಒಂದು ಸೇರು ಮಂಡಕ್ಕಿ ಸುರಿದಳು, ಬಿಸಿಬಿಸಿ.
ದಾರಿಯುದ್ದಕ್ಕೂ ತಿಂದೆ. ನಾಚಿಕೆಯಾಯಿತು. ತಿಂದೆ.

ಆಫೀಸಿನಲ್ಲಿ ಹಾಲೇಶಪ್ಪನವರು ಕನ್ನಡಕ ಏರಿಸಿ
ವಾರ್ಡಿನ ಸರಾಸರಿ ತೆಗೆದರು.
ಪಾರ್ಕು, ಕಾಲುವೆ ದಂಡೆ, ಹೊಸ ಲೇಔಟಿನ ಖಾಲಿ ಸೈಟು
ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕಲೆಸಿದ ಮೇಲೆ
ಬಣ್ಣ ಹಳದಿ. ಸಾಧಾರಣ.
'ಈ ತ್ರಿಬಲ್ ನೈನ್ ಏನಿದು?
ಮಷಿನ್ ಕೆಟ್ಟಿರಬೇಕು, ತೆಗೀರಿ.'
ಮಷಿನ್ ಚೆನ್ನಾಗಿದೆ ಸರ್, ಎಂದೆ.
ನಾಲ್ಕು ಗಂಟೆಗೆ ಮೀಟಿಂಗಿತ್ತು ಅವರಿಗೆ.

ನಕ್ಷೆ ಬಂತು, ಗೋಡೆಯಷ್ಟು ದೊಡ್ಡದು.
ಊರಿಗೆ ಊರೇ ರಂಗೋಲಿ ಹಾಕಿದ ಹಾಗೆ:
ಗೇಟಿನ ಹತ್ತಿರ ಕಿತ್ತಳೆ, ಕೆರೆಯ ಸುತ್ತ ಹಸಿರು.
ಭಟ್ಟಿಯ ಚೌಕದಲ್ಲಿ ಮಾತ್ರ ಏನೂ ಇಲ್ಲ.
ಮಾಹಿತಿ ಲಭ್ಯವಿಲ್ಲದ ಬಿಳಿ,
ಈಗಷ್ಟೇ ಜರಡಿಯಿಂದ ಇಳಿದ ಬಿಳಿ.

ಎಲ್ಲರೂ ಚಹಾಕ್ಕೆ ಹೋದಾಗ ಹತ್ತಿರ ಹೋಗಿ ನೋಡಿದೆ.
ಎಷ್ಟು ಸೋಪು ಹಚ್ಚಿದರೂ ಉಗುರಿನ ಸಂದಿಯ ಮಸಿ
ಇನ್ನೂ ಪೂರ್ತಿ ಹೋಗಿರಲಿಲ್ಲ.
ಹೆಬ್ಬೆಟ್ಟು ಒತ್ತಿದೆನೋ, ಆನಿಕೊಂಡೆನೋ.

ಮರುದಿನ ತಿಪ್ಪೇಶಿ ಒದ್ದೆ ಬಟ್ಟೆ ಹಿಡಿದು ಬಂದ.
'ಯಾರೋ ಹೊಲಸು ಮಾಡ್ಯಾರೆ ಮೇಡಂ, ಒರಸ್ಲಾ?'
ಕೇಳಿಸದವಳ ಹಾಗೆ ನಾನು
ಡಬ್ಬಿಯನ್ನು ಚಾರ್ಜಿಗೆ ಹಾಕುತ್ತಿದ್ದೆ.